ಕಾಫಿ ಕಪ್ಪಿಂಗ್‌ಗೆ ನಾನು ಮೂಗು ಪಳಗಿಸಿದ್ದು ಹೀಗೆ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ಪಿಂಗ್ ನನ್ನ ಕೆಲಸ. ತೋಟಗಳಿಂದ ಬಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ), ಚೆರ್ರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಸ್ಯಾಂಪಲ್‌ಗಳನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹಾಕಿ, ಮೂಸಿ, ಸೊರ್ರನೆ ಹೀರಿ, ಹೇಗಿದೆ ಅಂತ ಬರೆಯಬೇಕು. ಹೊಸಬರು ಬಂದಾಗಲೆಲ್ಲ ಕೇಳುತ್ತಾರೆ, ನಿಮ್ಮ ಮೂಗು ಹುಟ್ಟಿನಿಂದಲೇ ಚುರುಕಾ ಅಂತ. ಖಂಡಿತ ಇಲ್ಲ. ಅಭ್ಯಾಸದಿಂದ ಬಂದದ್ದು. ಆ ಅಭ್ಯಾಸ ಹೇಗಿರಬೇಕು ಅಂತ ಹೊಳೆದದ್ದು ಮಿದುಳಿನಲ್ಲಿ ವಾಸನೆ ಹೋಗುವ ದಾರಿಯ ಬಗ್ಗೆ ಓದಿದ ಮೇಲೆ.

ಮೂಗಿನ ಒಳಗೆ ಮೇಲ್ಗಡೆ ವಾಸನೆ ಹಿಡಿಯುವ ನರಕೋಶಗಳಿವೆ. ನಮ್ಮಲ್ಲಿ ವಾಸನೆಯ ಅಣುಗಳನ್ನು ಗುರುತಿಸುವ ರಿಸೆಪ್ಟರ್‌ಗಳು ಸುಮಾರು 400 ಬಗೆ ಇದ್ದು, ಒಂದು ನರಕೋಶಕ್ಕೆ ಸಾಮಾನ್ಯವಾಗಿ ಒಂದೇ ಬಗೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರಲ್ಲಿ ನೊಬೆಲ್ ಬಂತು. ಒಂದೇ ಬಗೆಯ ಕೋಶಗಳ ಎಳೆಗಳೆಲ್ಲ ಮೂಗಿನ ಮೇಲ್ಗಡೆ ಮಿದುಳಿನಲ್ಲಿರುವ ವಾಸನೆಯ ಮೊದಲ ನಿಲ್ದಾಣ ಆಲ್ಫ್ಯಾಕ್ಟರಿ ಬಲ್ಬ್‌ನಲ್ಲಿ ತಮ್ಮದೇ ಸಣ್ಣ ಗಂಟುಗಳಿಗೆ ಬಂದು ಸೇರುತ್ತವೆ. ಒಂದು ಅಣು ಹಲವು ರಿಸೆಪ್ಟರ್‌ಗಳನ್ನು ಎಬ್ಬಿಸುತ್ತದೆ, ಒಂದು ರಿಸೆಪ್ಟರ್ ಹಲವು ಅಣುಗಳಿಗೆ ಓಗೊಡುತ್ತದೆ. ಚುಕ್ಕಿ ರಂಗೋಲಿ ಇದ್ದ ಹಾಗೆ, ಚುಕ್ಕಿಗಳು ಅವೇ, ಎಳೆದ ಗೆರೆ ಬೇರೆಯಾದರೆ ಚಿತ್ರವೇ ಬೇರೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮುಂದಿನ ಮಾತು. ಅದೇ ಬಲ್ಬ್‌ನಲ್ಲಿ ಗ್ರಾನ್ಯೂಲ್ ಕೋಶಗಳಿವೆ. ಸುತ್ತಲಿನ ಸಂಕೇತಗಳನ್ನು ಅವು ತಗ್ಗಿಸುತ್ತವೆ, ಹತ್ತಿರ ಹತ್ತಿರದ ಎರಡು ವಾಸನೆಗಳ ವ್ಯತ್ಯಾಸ ಆಗ ಎದ್ದು ಕಾಣುತ್ತದೆ. ಹಾಗಾದರೆ ವಾಸನೆಗಳನ್ನು ಒಂದೊಂದಾಗಿ ಕಲಿಯುವುದಕ್ಕಿಂತ ಜೋಡಿಯಾಗಿ ಕಲಿಯೋಣ ಅನ್ನಿಸಿತು. ಲವಂಗ ಮತ್ತು ಚಕ್ಕೆ, ಕಿತ್ತಳೆ ಸಿಪ್ಪೆ ಮತ್ತು ನಿಂಬೆ ಸಿಪ್ಪೆ, ಮುಗ್ಗಲು ಹಿಡಿದ ಪಾರ್ಚ್‌ಮೆಂಟ್ ಮತ್ತು ಹಳೇ ಗೋಣಿಚೀಲದ ತುಂಡು, ಹೀಗೆ ಡಬ್ಬಿಗಳನ್ನು ಮಾಡಿಕೊಂಡೆ. ನಾನು ಕಣ್ಣು ಮುಚ್ಚುತ್ತಿದ್ದೆ, ತಂಗಿ ಡಬ್ಬಿ ಅದಲು ಬದಲು ಮಾಡಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಮುಗ್ಗಲು ಮತ್ತು ಗೋಣಿ ಬಹಳ ಕಾಲ ಒಂದೇ ಅನ್ನಿಸುತ್ತಿತ್ತು. ಬಿಡದೆ ಮೂಸಿದ ಮೇಲೆ ಗೋಣಿಯಲ್ಲಿ ಸಣ್ಣಗೆ ಒಂದು ಎಣ್ಣೆ ವಾಸನೆ, ಮುಗ್ಗಲಿನಲ್ಲಿ ತೇವದ ಮಣ್ಣಿನ ವಾಸನೆ ಬೇರೆ ಬೇರೆಯಾಗಿ ನಿಂತವು. ಈಗ ಕಪ್ಪಿನಲ್ಲೂ ಎರಡನ್ನೂ ಬಿಡಿಸಿ ಬರೆಯುತ್ತೇನೆ.

ಬಲ್ಬ್‌ನಿಂದ ಸಂಕೇತ ವಾಸನೆಯನ್ನು ಗುರುತಿಸುವ ಮಿದುಳಿನ ಭಾಗ ಪಿರಿಫಾರ್ಮ್ ಕಾರ್ಟೆಕ್ಸ್‌ಗೆ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾಗೆ ಹೋಗುತ್ತದೆ. ಕಣ್ಣು, ಕಿವಿಯ ಸಂಕೇತಗಳ ಹಾಗೆ ಮೊದಲು ಮಿದುಳಿನ ನಡುವೆ ಸಂಕೇತಗಳನ್ನು ಮುಂದಕ್ಕೆ ಕಳಿಸುವ ಥಲಾಮಸ್ ದಾಟಬೇಕಾಗಿಲ್ಲ. ಪಿರಿಫಾರ್ಮ್‌ನ ಕೋಶಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅನುಭವ ಆದ ಹಾಗೆ ಆ ಹೆಣಿಗೆ ಬದಲಾಗುತ್ತದೆ. ಅದಕ್ಕೇ ನಾನು ಪ್ರತಿ ವಾಸನೆಯನ್ನೂ ಅದು ಸಿಕ್ಕ ಒಂದು ಜಾಗದ ನೆನಪಿಗೆ ಕಟ್ಟಿ ಹಾಕಿದೆ. ಪಲ್ಪಿಂಗ್ ಆದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಬೀಜ ತೊಟ್ಟಿಯಲ್ಲಿ ಜಾಸ್ತಿ ಹೊತ್ತು ಉಳಿದು ಹುಳಿತರೆ ಬರುವ ವಾಸನೆ ಕಪ್ಪಿನಲ್ಲಿ ಒಂದು ಎಳೆ ಸಿಕ್ಕರೂ ಸಾಕು, ಇಡೀ ತೊಟ್ಟಿ ಕಣ್ಣೆದುರು ಬರುತ್ತದೆ.

ಕಪ್ಪಿಂಗ್ ಮೇಜಿನ ಮೇಲೆ 150 ಮಿಲಿ ನೀರಿಗೆ 8.25 ಗ್ರಾಂ ಪುಡಿ. ನಾಲ್ಕು ನಿಮಿಷ ಆದ ಮೇಲೆ ಮೇಲಿನ ಕೆನೆಯಂಥ ಪದರವನ್ನು ಚಮಚದ ಬೆನ್ನಿನಿಂದ ಒಡೆಯಬೇಕು, ಮೂಗು ಕಪ್ಪಿಗೆ ತಾಗುವಷ್ಟು ಬಗ್ಗಿರಬೇಕು. ಆಗ ಏಳುವ ಮೊದಲ ಹಬೆಯಲ್ಲಿ ಸಿಗುವುದು ಆಮೇಲೆ ಸಿಗಲ್ಲ. ಹೀರುವಾಗ ಸದ್ದು ಮಾಡುವುದು ಸುಮ್ನೆ ಅಲ್ಲ, ಹನಿಗಳು ಚದುರಿ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಂಬಿಕೆ ಬರದಿದ್ದರೆ ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ಕುಡಿಯಿರಿ, ಕಹಿ ಮತ್ತು ಹುಳಿ ಬಿಟ್ಟು ಏನೂ ಇರಲ್ಲ, ಕೈ ಬಿಟ್ಟ ತಕ್ಷಣ ಘಮ ಬರುತ್ತದೆ ಅಲ್ವಾ?

ಒಂದೇ ವಾಸನೆಯಲ್ಲಿ ಕೂತರೆ ಅದು ಗೊತ್ತಾಗುವುದೇ ನಿಂತುಹೋಗುತ್ತದೆ. ನಾನು ಹುರಿಯುವ ಕೋಣೆಯಿಂದ ಸೀದಾ ಮೇಜಿಗೆ ಬರುವುದಿಲ್ಲ, ಹೊರಗೆ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.

ವಾಸನೆ ಕಳೆದುಕೊಂಡವರಿಗೆ ಜರ್ಮನಿಯಲ್ಲಿ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಸಲ, 12 ವಾರ ಮೂಸಿಸಿ ಸುಧಾರಣೆ ಕಂಡಿತ್ತು. ಬೆಳಗ್ಗೆ, ಸಂಜೆ ಅನ್ನುವ ಲೆಕ್ಕವನ್ನು ನಾನು ಅಲ್ಲಿಂದಲೇ ತೆಗೆದುಕೊಂಡೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ, ಎರಡು ಜೋಡಿ ಡಬ್ಬಿಯಿಂದ ಶುರು ಮಾಡಿ, ಸಿಪ್ಪೆ ಒಣಗಿದರೆ ಹೊಸದು ಹಾಕಿ, ನೆಗಡಿ ಇರುವ ದಿನ ಡಬ್ಬಿ ಮುಟ್ಟಬೇಡಿ.