ಬ್ರಿಟನ್ನಿನಲ್ಲಿ ಸಣ್ಣ ಉದ್ಯಮ: ಅಳೆಯುವುದು ಹೇಗೆ, ಬ್ಯಾಂಕ್ ಸಾಲ ಸಿಗುವುದು ಹೇಗೆ

ಊರಲ್ಲಿ ಉದ್ಯಮ ನಡೆಸಿ ಬಂದವರು ಬ್ರಿಟನ್ನಿನಲ್ಲಿ ಮೊದಲು ಹುಡುಕುವುದು 'ಉದ್ಯಮ್' ನೋಂದಣಿಯಂಥ ಒಂದು ಪ್ರಮಾಣಪತ್ರವನ್ನು. ಅಂಥದ್ದು ಇಲ್ಲಿ ಇಲ್ಲ. ನಿಮ್ಮದು ಸಣ್ಣ ಉದ್ಯಮ ಎಂದು ಬರೆದುಕೊಡುವ ಇಲಾಖೆಯಿಲ್ಲ. ಬ್ಯಾಂಕುಗಳು ಸಾಲದ ಇಂತಿಷ್ಟು ಪಾಲನ್ನು ಆದ್ಯತಾ ವಲಯಕ್ಕೆ ಕೊಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಕಂಪನಿ ಕಾನೂನು, ಸರ್ಕಾರದ ಖಾತರಿ ಯೋಜನೆ, ದೂರು ಕೇಳುವ ಓಂಬುಡ್ಸ್‌ಮನ್, ಹೀಗೆ ಒಬ್ಬೊಬ್ಬರದೂ ಒಂದೊಂದು ಅಳತೆಗೋಲು. ಒಂದೇ ಕಂಪನಿ ಒಂದು ಕಡೆ 'ಸಣ್ಣದು', ಇನ್ನೊಂದು ಕಡೆ ಅಲ್ಲ ಎನಿಸಿಕೊಳ್ಳಬಹುದು.

ಕಂಪನಿ ಕಾನೂನಿನ ಅಳತೆ

2006ರ ಕಂಪನಿ ಕಾಯ್ದೆ ಮೂರು ಸಂಗತಿ ನೋಡುತ್ತದೆ: ವಾರ್ಷಿಕ ವಹಿವಾಟು, ಬ್ಯಾಲೆನ್ಸ್ ಶೀಟಿನ ಒಟ್ಟು ಆಸ್ತಿ, ಸರಾಸರಿ ನೌಕರರ ಸಂಖ್ಯೆ. ಮೂರರಲ್ಲಿ ಎರಡು ಮಿತಿಯೊಳಗಿದ್ದರೆ ಸಾಕು. 2025ರ ಏಪ್ರಿಲ್ 6ರಿಂದ ಶುರುವಾಗುವ ಲೆಕ್ಕವರ್ಷಗಳಿಗೆ ಮಿತಿಗಳು ಏರಿವೆ. ಮೈಕ್ರೋ ಎಂದರೆ ವಹಿವಾಟು 10 ಲಕ್ಷ ಪೌಂಡ್, ಆಸ್ತಿ 5 ಲಕ್ಷ ಪೌಂಡ್, ನೌಕರರು 10ರವರೆಗೆ. ಸಣ್ಣ ಕಂಪನಿಗೆ ವಹಿವಾಟು 1.5 ಕೋಟಿ, ಆಸ್ತಿ 75 ಲಕ್ಷ, ನೌಕರರು 50. ಮಧ್ಯಮಕ್ಕೆ 5.4 ಕೋಟಿ, 2.7 ಕೋಟಿ ಮತ್ತು 250. ಇಲ್ಲಿ 'ಆಸ್ತಿ' ಎಂದರೆ ಸಾಲ ಕಳೆಯುವ ಮುಂಚಿನ ಮೊತ್ತ. ಹಾಗಾಗಿ ಪೂರ್ತಿ ಸಾಲದಲ್ಲಿ ಕೊಂಡ ವ್ಯಾನೂ ಈ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷ ಮಿತಿ ದಾಟಿದ ಮಾತ್ರಕ್ಕೆ ದರ್ಜೆ ಬದಲಾಗುವುದಿಲ್ಲ. ಸತತ ಎರಡು ವರ್ಷ ದಾಟಬೇಕು.

ಈ ದರ್ಜೆಯಿಂದ ಸಾಲ ಸಿಗುವುದಿಲ್ಲ. ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ಗೆ ಎಷ್ಟು ವಿವರದ ಲೆಕ್ಕಪತ್ರ ಸಲ್ಲಿಸಬೇಕು ಎಂಬುದು ಮುಖ್ಯವಾಗಿ ಇದರಿಂದ ತೀರ್ಮಾನವಾಗುತ್ತದೆ. ಆದರೂ ಸಾಲದ ಮೇಲೆ ಇದರ ನೆರಳು ಬಿದ್ದೇ ಬೀಳುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ.

ಮೈಕ್ರೋ ಲೆಕ್ಕಪತ್ರ ಎಂದರೆ ಸಾರ್ವಜನಿಕ ಕಡತದಲ್ಲಿ ಕೆಲವೇ ಸಾಲಿನ ಬ್ಯಾಲೆನ್ಸ್ ಶೀಟ್. ಲಾಭವೆಷ್ಟು, ವಹಿವಾಟೆಷ್ಟು ಎಂಬುದು ಅದರಲ್ಲಿ ಕಾಣುವುದಿಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರೆಡಿಟ್‌ಸೇಫ್ ತರಹದ ಸಂಸ್ಥೆಗಳು ಕಂಪನಿಗೆ ಅಂಕ ಕೊಡುವಾಗ ಈ ಕಡತವನ್ನು ನೋಡುತ್ತವೆ. ವರ್ಷದ ಲಾಭವನ್ನೆಲ್ಲ ಡಿವಿಡೆಂಡಾಗಿ (ಮಾಲೀಕರ ಲಾಭಾಂಶವಾಗಿ) ತೆಗೆದುಕೊಂಡು ಕಂಪನಿಯ ಸ್ವಂತ ನಿಧಿಯಾಗಿ 100 ಪೌಂಡ್ ಉಳಿಸಿದ್ದರೆ, ಹೊರಗಿನವರಿಗೆ ಕಾಣುವುದು ಆ 100 ಪೌಂಡ್ ಮಾತ್ರ. ಚೆನ್ನಾಗಿ ನಡೆಯುತ್ತಿರುವ ಕೇಟರಿಂಗ್ ಕಂಪನಿಯೂ ಕಾಗದದ ಮೇಲೆ ಬಡವಾಗಿ ಕಾಣುತ್ತದೆ. ಎರಡು ವರ್ಷದೊಳಗೆ ಸಾಲ ಬೇಕು ಎಂದಿದ್ದರೆ ಈಗಲೇ ಅಕೌಂಟೆಂಟ್ ಜೊತೆ ಕೂತು, ಲಾಭ-ನಷ್ಟ ಪಟ್ಟಿಯನ್ನೂ ಸಲ್ಲಿಸುವುದು ಒಳ್ಳೆಯದೇ, ಎಷ್ಟು ಲಾಭ ಒಳಗೆ ಉಳಿಸಬೇಕು ಎಂದು ಮಾತಾಡಿಕೊಳ್ಳಿ. ಅರ್ಜಿ ಹಾಕುವ ತಿಂಗಳಲ್ಲಿ ಇದನ್ನು ಸರಿಪಡಿಸಲು ಆಗುವುದಿಲ್ಲ.

ತಡವಾದ ಸಲ್ಲಿಕೆಯೂ ಕಡತದಲ್ಲಿ ಉಳಿಯುತ್ತದೆ. ಖಾಸಗಿ ಕಂಪನಿಗೆ ಲೆಕ್ಕವರ್ಷ ಮುಗಿದು 9 ತಿಂಗಳ ಗಡುವಿದೆ. ಒಂದೇ ದಿನ ತಡವಾದರೂ 150 ಪೌಂಡ್ ದಂಡ, 6 ತಿಂಗಳು ಮೀರಿದರೆ 1,500 ಪೌಂಡ್.

ಕಂಪನಿಯ ಕಸುಬು ಯಾವುದೆಂದು ಹೇಳುವ ಐದಂಕಿಯ ಎಸ್‌ಐಸಿ ಕೋಡನ್ನೂ ಒಮ್ಮೆ ನೋಡಿಕೊಳ್ಳಿ. ನೋಂದಣಿಯ ದಿನ ತಲೆ ಕೆಡಿಸಿಕೊಳ್ಳದೆ 82990 ಎಂಬ 'ಇತರೆ' ಕೋಡು ಹಾಕಿದವರು ಬಹಳ. ಸಮಾರಂಭಗಳಿಗೆ ಅಡುಗೆ ಮಾಡುವವರದು 56210, ಪಾರ್ಸೆಲ್ ಊಟದ ಅಂಗಡಿಯದು 56103, ಐಟಿ ಸಲಹೆಗಾರರದು 62020. ಬ್ಯಾಂಕಿನ ಕಂಪ್ಯೂಟರು ಯಾವ ವಲಯವೆಂದು ಗುರುತಿಸುವುದು ಇದರಿಂದ. ಅರ್ಜಿಯಲ್ಲಿ ಒಂದು ಕಸುಬು, ಕಡತದಲ್ಲಿ ಇನ್ನೊಂದು ಇದ್ದರೆ ಪ್ರಶ್ನೆ ಬರುತ್ತದೆ. ಕಂಪನಿಯ ವಿವರಗಳು ಸರಿಯಿವೆ ಎಂದು ವರ್ಷಕ್ಕೊಮ್ಮೆ ಕೊಡುವ ಕನ್ಫರ್ಮೇಷನ್ ಸ್ಟೇಟ್‌ಮೆಂಟ್ ಸಲ್ಲಿಸುವಾಗ ಈ ಕೋಡನ್ನು ಬದಲಿಸಬಹುದು.

ಸರ್ಕಾರದ ಬೆಂಬಲ ಬರುವುದು ಬ್ಯಾಂಕಿನ ಮೂಲಕ

ಬ್ರಿಟಿಷ್ ಬಿಸಿನೆಸ್ ಬ್ಯಾಂಕ್ ಎಂಬ ಸರ್ಕಾರಿ ಸಂಸ್ಥೆಯಿದೆ. ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಅಲ್ಲಿ ಕೌಂಟರ್ ಇಲ್ಲ, ಖಾತೆ ತೆರೆಯಲಾಗುವುದಿಲ್ಲ. ಅದು ನಡೆಸುವ ಮುಖ್ಯ ಯೋಜನೆ ಗ್ರೋತ್ ಗ್ಯಾರಂಟಿ ಸ್ಕೀಮ್. ಕೋವಿಡ್ ಕಾಲದ ರಿಕವರಿ ಲೋನ್ ಸ್ಕೀಮ್‌ನ ಜಾಗಕ್ಕೆ 2024ರ ಜುಲೈ 1ರಂದು ಬಂತು. ವಹಿವಾಟು 4.5 ಕೋಟಿ ಪೌಂಡ್‌ವರೆಗಿನ ಉದ್ಯಮಗಳಿಗೆ, ಸಾಮಾನ್ಯವಾಗಿ 20 ಲಕ್ಷ ಪೌಂಡ್‌ವರೆಗೆ. ಟರ್ಮ್ ಲೋನ್ (ನಿಗದಿತ ಅವಧಿಯ ಸಾಲ) ಮತ್ತು ಯಂತ್ರೋಪಕರಣದ ಸಾಲಕ್ಕೆ ಗರಿಷ್ಠ 6 ವರ್ಷ, ಓವರ್‌ಡ್ರಾಫ್ಟ್ ಮತ್ತು ಇನ್‌ವಾಯ್ಸ್ (ಗಿರಾಕಿಗಳಿಂದ ಬರಬೇಕಾದ ಬಿಲ್ಲು) ಆಧಾರದ ಸಾಲಕ್ಕೆ 3 ವರ್ಷ. ಸರ್ಕಾರ 70% ಖಾತರಿ ಕೊಡುತ್ತದೆ.

ಈ 70% ಯಾರಿಗೆ ಎಂಬುದನ್ನು ಸರಿಯಾಗಿ ತಿಳಿಯದೆ ಸಹಿ ಹಾಕುವವರಿದ್ದಾರೆ. ಖಾತರಿ ಬ್ಯಾಂಕಿಗೆ, ನಿಮಗಲ್ಲ. ಸಾಲ ಮುಳುಗಿದರೆ ನೀವು ತೀರಿಸಬೇಕಾದದ್ದು ನೂರಕ್ಕೆ ನೂರು. ಬ್ಯಾಂಕು ವಸೂಲಿಗೆ ಮಾಡಬೇಕಾದದ್ದನ್ನೆಲ್ಲ ನಿಮ್ಮ ಮೇಲೆಯೇ ಮಾಡುತ್ತದೆ. ನಿಮಗೆ ಸಿಗುವ ಅನುಕೂಲ ಇಷ್ಟು: ಅಡಮಾನ ಸಾಲದೆಂದು ಬೇಡ ಎನ್ನಬಹುದಾಗಿದ್ದ ಬ್ಯಾಂಕು ಧೈರ್ಯ ಮಾಡಬಹುದು, ಮತ್ತು ನೀವು ವಾಸವಿರುವ ಮನೆಯನ್ನು ಈ ಯೋಜನೆಯ ಸಾಲಕ್ಕೆ ಭದ್ರತೆಯಾಗಿ ತೆಗೆದುಕೊಳ್ಳುವಂತಿಲ್ಲ. ಕಂಪನಿ ತೀರಿಸದಿದ್ದರೆ ನಾನೇ ತೀರಿಸುತ್ತೇನೆ ಎಂಬ ವೈಯಕ್ತಿಕ ಜಾಮೀನನ್ನು ಕೇಳಬಹುದು, ಕೇಳುತ್ತಾರೆ.

ಅರ್ಜಿಯನ್ನು ಯೋಜನೆಯಲ್ಲಿರುವ ಬ್ಯಾಂಕಿಗೋ ಹಣಕಾಸು ಸಂಸ್ಥೆಗೋ ನೇರವಾಗಿ ಹಾಕಬೇಕು, ತೀರ್ಮಾನ ಅವರದೇ. ಯೋಜನೆಯಿಲ್ಲದೆಯೇ ಉತ್ತಮ ಷರತ್ತಿನಲ್ಲಿ ಸಾಲ ಕೊಡಬಹುದಾದರೆ ಹಾಗೆಯೇ ಕೊಡುತ್ತಾರೆ. ಖಾತರಿಯ ಲಾಭ ಸಬ್ಸಿಡಿ ಎಂದು ಎಣಿಕೆಯಾಗುವುದರಿಂದ, ಹಿಂದಿನ ವರ್ಷಗಳಲ್ಲಿ ಕೌನ್ಸಿಲ್ ಅಥವಾ ಸರ್ಕಾರದಿಂದ ಪಡೆದ ಅನುದಾನದ ಪತ್ರಗಳನ್ನು ಹುಡುಕಿಟ್ಟುಕೊಳ್ಳಿ. ಮೂರು ಹಣಕಾಸು ವರ್ಷಗಳಲ್ಲಿ ಒಟ್ಟು 3,15,000 ಪೌಂಡ್ ಎಂಬ ಸಾಮಾನ್ಯ ಮಿತಿ ದಾಟಿಲ್ಲ ಎಂದು ನೀವೇ ಬರೆದುಕೊಡಬೇಕಾಗುತ್ತದೆ.

ಟರ್ಮ್ ಲೋನ್ ಮತ್ತು ಓವರ್‌ಡ್ರಾಫ್ಟ್ ಇಲ್ಲಿ 25,001 ಪೌಂಡ್‌ನಿಂದ ಶುರು. ಆ ಒಂದು ಪೌಂಡಿಗೆ ಅರ್ಥವಿದೆ: ಏಕವ್ಯಕ್ತಿ ವ್ಯಾಪಾರಿಗೋ ಎರಡು-ಮೂರು ಜನರ ಪಾಲುದಾರಿಕೆಗೋ 25,000 ಪೌಂಡ್‌ವರೆಗೆ ಕೊಡುವ ಸಾಲ ಗ್ರಾಹಕ ಸಾಲದ ಕಾನೂನಿನ ಹಿಡಿತಕ್ಕೆ ಬರುತ್ತದೆ. ಲಿಮಿಟೆಡ್ ಕಂಪನಿಗೆ ಆ ರಕ್ಷಣೆ ಇಲ್ಲ.

ಇನ್ನೂ ಚಿಕ್ಕ ಮೊತ್ತ ಬೇಕಿರುವ ಹೊಸಬರಿಗೆ ಸ್ಟಾರ್ಟ್ ಅಪ್ ಲೋನ್ಸ್ ಇದೆ. ಒಬ್ಬರಿಗೆ 500ರಿಂದ 25,000 ಪೌಂಡ್, ಒಂದೇ ಉದ್ಯಮದ ಪಾಲುದಾರರಿಗೆಲ್ಲ ಸೇರಿ 1 ಲಕ್ಷದವರೆಗೆ. ಬಡ್ಡಿ ನಿಶ್ಚಿತ, ಅಡಮಾನ ಬೇಡ, 1ರಿಂದ 5 ವರ್ಷದ ಅವಧಿ, ಜೊತೆಗೆ 12 ತಿಂಗಳ ಉಚಿತ ಮಾರ್ಗದರ್ಶನ. ಆದರೆ ಕಾನೂನಿನ ಕಣ್ಣಲ್ಲಿ ಇದು ವೈಯಕ್ತಿಕ ಸಾಲ. ಕಂಪನಿ ಮುಚ್ಚಿದರೂ ಸಾಲ ನಿಮ್ಮ ಹೆಸರಿನಲ್ಲೇ ನಡೆಯುತ್ತದೆ. ವೇಲ್ಸ್‌ನಲ್ಲಿರುವವರು ಡೆವಲಪ್‌ಮೆಂಟ್ ಬ್ಯಾಂಕ್ ಆಫ್ ವೇಲ್ಸ್‌ನ ಸಣ್ಣ ಸಾಲಗಳನ್ನೂ ನೋಡಬೇಕು.

ಬ್ಯಾಂಕು ತೂಗಿ ನೋಡುವ ಬಗೆ

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಕಂಪನಿಯ ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭ 48,000 ಪೌಂಡ್. ಕೇಳುತ್ತಿರುವುದು 60,000 ಪೌಂಡ್, 5 ವರ್ಷಕ್ಕೆ, ಬಡ್ಡಿ 11% ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 1,305 ಪೌಂಡ್, ವರ್ಷಕ್ಕೆ 15,660. ಲಾಭದಿಂದ ಕಾರ್ಪೊರೇಷನ್ ತೆರಿಗೆ ಸುಮಾರು 9,000 ಹೋಯಿತು. ನೀವು ಡಿವಿಡೆಂಡ್ ಎಂದು 20,000 ತೆಗೆದುಕೊಳ್ಳುತ್ತೀರಿ. ಉಳಿದದ್ದು 19,000. ಅದನ್ನು 15,660ರಿಂದ ಭಾಗಿಸಿದರೆ 1.21, ಅಂದರೆ ಕೈಯಲ್ಲಿರುವ ಹಣ ವರ್ಷದ ಕಂತಿನ 1.21 ಪಟ್ಟು. ಬಹಳಷ್ಟು ಸಾಲದಾತರು ಬಯಸುವುದು 1.25 ಅಥವಾ ಅದಕ್ಕೂ ಹೆಚ್ಚು. ಡಿವಿಡೆಂಡನ್ನು 18,000ಕ್ಕೆ ಇಳಿಸಿದರೆ ಇದೇ ಲೆಕ್ಕ 1.34 ಆಗುತ್ತದೆ. ವ್ಯಾಪಾರ ಒಂದಿಷ್ಟೂ ಬದಲಾಗದೆ, ಮನೆಗೆ ತೆಗೆದುಕೊಂಡ 2,000 ಪೌಂಡ್ ಅರ್ಜಿಯ ಹಣೆಬರಹವನ್ನು ಬದಲಿಸಿತು. ಕೋವಿಡ್ ಕಾಲದಲ್ಲಿ ಸರ್ಕಾರದ ಖಾತರಿಯಲ್ಲಿ ಪಡೆದ ಬೌನ್ಸ್ ಬ್ಯಾಕ್ ಲೋನ್ ಇನ್ನೂ ಬಾಕಿಯಿದ್ದರೆ ಅದರ ಕಂತೂ ಭಾಜಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮ ಹಿಡಿತದಲ್ಲಿ ಇನ್ನೊಂದು ಪ್ರೈವೇಟ್ ಲಿಮಿಟೆಡ್ ನಡೆಯುತ್ತಿದ್ದರೆ ಈ ಲೆಕ್ಕ ಕೆಡಬಹುದು. 19% ಎಂಬ ಕಡಿಮೆ ದರದ ಕಾರ್ಪೊರೇಷನ್ ತೆರಿಗೆ ಇರುವುದು 50,000 ಪೌಂಡ್ ಲಾಭದವರೆಗೆ. ಆದರೆ ಒಬ್ಬರದೇ ಹಿಡಿತದಲ್ಲಿರುವ ಕಂಪನಿಗಳು ಜಗತ್ತಿನಲ್ಲಿ ಎಲ್ಲಿದ್ದರೂ ಆ ಮಿತಿ ಹಂಚಿಹೋಗುತ್ತದೆ. ಎರಡು ಕಂಪನಿಯಿದ್ದರೆ ಮಿತಿ ತಲಾ 25,000. ಭಾರತದ ಕಂಪನಿಯನ್ನು ಹೇಳದೆ ಬಿಟ್ಟು ತೆರಿಗೆ ಕಡಿಮೆ ಲೆಕ್ಕ ಹಾಕಿದರೆ, ಮುಂದೆ ಬರುವ ಬಾಕಿ ಕಂತಿನ ಹಣವನ್ನೇ ನುಂಗುತ್ತದೆ.

ಜೋಡಿಸಿಕೊಳ್ಳಬೇಕಾದ ಕಾಗದಗಳು: ಎರಡು ವರ್ಷದ ಪೂರ್ಣ ಲೆಕ್ಕಪತ್ರ (ಕಂಪನೀಸ್ ಹೌಸ್‌ಗೆ ಕೊಟ್ಟ ತುಂಡು ಪ್ರತಿಯಲ್ಲ), ಇತ್ತೀಚಿನ ತಿಂಗಳವರೆಗಿನ ಮ್ಯಾನೇಜ್‌ಮೆಂಟ್ ಅಕೌಂಟ್ಸ್ (ವರ್ಷದ ನಡುವೆ ಸ್ವಂತಕ್ಕೆ ಮಾಡಿಕೊಂಡ ಲೆಕ್ಕ), 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, 12 ತಿಂಗಳ ನಗದು ಹರಿವಿನ ಅಂದಾಜು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ. ಇವುಗಳಲ್ಲಿ ಅರ್ಜಿಯನ್ನು ನಿಲ್ಲಿಸುವುದು ಹೆಚ್ಚಾಗಿ ಹೊಂದಿಕೆಯಾಗದ ಅಂಕಿಗಳು. ವ್ಯಾಟ್ ನೋಂದಣಿಯಾದ ಕಂಪನಿಯ ಲೆಕ್ಕಪತ್ರದಲ್ಲಿ ವಹಿವಾಟು ವ್ಯಾಟ್ ಕಳೆದು ಇರುತ್ತದೆ, ಬ್ಯಾಂಕ್ ಖಾತೆಗೆ ಬಂದದ್ದು ವ್ಯಾಟ್ ಸೇರಿ. ಈ ಅಂತರವನ್ನು ಒಂದು ಸಾಲಿನಲ್ಲಿ ಮೊದಲೇ ವಿವರಿಸಿಬಿಡಿ. ಹಣವಿಲ್ಲದೆ ವಾಪಸಾದ ಡೈರೆಕ್ಟ್ ಡೆಬಿಟ್, ತೆರಿಗೆ ಇಲಾಖೆಯೊಂದಿಗೆ ಮಾಡಿಕೊಂಡ ಕಂತಿನ ಒಪ್ಪಂದ, ಇವು ಸ್ಟೇಟ್‌ಮೆಂಟಿನಲ್ಲಿ ಹೇಗೂ ಕಾಣುತ್ತವೆ. ನೀವೇ ಮೊದಲು ಹೇಳುವುದು ಮೇಲು.

ಹೊಸದಾಗಿ ಬಂದವರಿಗೆ ಭಾರತದ ಸಿಬಿಲ್ ಅಂಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅನುಕೂಲವಿದೆ: ಭಾರತೀಯ ಪೌರರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಬ್ರಿಟನ್ನಿನಲ್ಲಿ ಸಕ್ರಮವಾಗಿ ವಾಸವಿದ್ದರೆ ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ಸಾಲದಾತರು ವಿಳಾಸವನ್ನು ತಾಳೆ ನೋಡುವುದು ಆ ಪಟ್ಟಿಯಲ್ಲಿ. ಮನೆ ಬದಲಿಸಿದ ಕೂಡಲೇ ಹೆಸರು ಸೇರಿಸಿ, ಇದಕ್ಕೆ ಖರ್ಚಿಲ್ಲ.

ವೀಸಾ ವಿಷಯ ಚಿಕ್ಕದಾಗಿ: ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ನಿಷಿದ್ಧ. ಸ್ಕಿಲ್ಡ್ ವರ್ಕರ್ ವೀಸಾದವರ ಅವಲಂಬಿತ ಸಂಗಾತಿ ಸ್ವಂತ ಉದ್ಯಮ ನಡೆಸಬಹುದು. ವೀಸಾ ಮುಗಿಯುವ ದಿನ ಸಾಲದ ಕೊನೆಯ ಕಂತಿಗಿಂತ ಮುಂಚೆ ಇದ್ದರೆ ಪ್ರಶ್ನೆ ಬರುತ್ತದೆಂದು ಎಣಿಸಿಯೇ ಅವಧಿ ಕೇಳಿ. ತಂದೆ-ತಾಯಿ ಊರಿನಿಂದ ಬಂಡವಾಳ ಕಳಿಸಿದ್ದರೆ ಹಣದ ಮೂಲ ತೋರಿಸಬೇಕು: ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನು ಮಾರಿದ್ದಾದರೆ ಕ್ರಯಪತ್ರ (ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದದೊಂದಿಗೆ), ಮತ್ತು ಅದು ಉಡುಗೊರೆಯೋ ಸಾಲವೋ ಎಂಬ ಸಹಿ ಮಾಡಿದ ಪತ್ರ. ಉಡುಗೊರೆ ಎಂದು ಬರೆದು ತಿಂಗಳು ತಿಂಗಳು ವಾಪಸ್ ಕಳಿಸುತ್ತಿದ್ದರೆ ಅದನ್ನು ಸಾಲವೆಂದೇ ಎಣಿಸುತ್ತಾರೆ.

ಜಾಮೀನಿಗೆ ಸಹಿ ಹಾಕುವ ಮುಂಚೆ

ಲಿಮಿಟೆಡ್ ಕಂಪನಿ ಮಾಡಿಕೊಂಡರೆ ಹೊಣೆ ಕಂಪನಿಯ ಮಟ್ಟಕ್ಕೇ ನಿಲ್ಲುತ್ತದೆ ಎಂಬ ನೆಮ್ಮದಿ ವೈಯಕ್ತಿಕ ಜಾಮೀನಿನ ಸಹಿಯೊಂದಿಗೆ ಹೋಗುತ್ತದೆ. ಮೂರು ಸಂಗತಿಗೆ ಚೌಕಾಸಿ ಮಾಡಿ: ಜಾಮೀನಿಗೆ ಒಂದು ಗರಿಷ್ಠ ಮೊತ್ತ, ಸಾಲ ಇಳಿದ ಹಾಗೆ ಅದೂ ಇಳಿಯುವ ಷರತ್ತು, ಮತ್ತು ಇದೊಂದೇ ಸಾಲಕ್ಕೆ ಎಂಬ ಸ್ಪಷ್ಟ ಮಾತು. 'ಎಲ್ಲ ಬಾಕಿಗಳಿಗೂ' ಎಂದು ಬರೆದಿದ್ದರೆ ಮುಂದಿನ ಓವರ್‌ಡ್ರಾಫ್ಟೂ ಅದರೊಳಗೆ ಬಂತು. ಪಾಲುದಾರರಿಬ್ಬರು ಒಟ್ಟಿಗೆ ಸಹಿ ಹಾಕಿದರೆ ಅರ್ಧರ್ಧವೆಂದು ತಿಳಿಯಬೇಡಿ. ಸಾಮಾನ್ಯವಾಗಿ ಒಬ್ಬೊಬ್ಬರ ಮೇಲೂ ಪೂರ್ತಿ ಮೊತ್ತದ ಹೊಣೆ.

ಯೋಜನೆಯ ಹೊರಗಿನ ಸಾಲಕ್ಕೆ ಮನೆಯನ್ನು ಒತ್ತೆಯಿಡುವಾಗ ಸಂಗಾತಿಯ ಸಹಿ ಕೇಳುತ್ತಾರೆ. ಸಂಗಾತಿಯ ಸಾಲಕ್ಕೆ ಮನೆ ಒತ್ತೆಯಿಟ್ಟವರ ಪ್ರಕರಣಗಳಲ್ಲಿ ಬಂದ 2001ರ ಎಟ್ರಿಜ್ ತೀರ್ಪಿನ ನಂತರ, ಉದ್ಯಮದಲ್ಲಿ ಪಾಲಿಲ್ಲದ ಸಂಗಾತಿಗೆ ಸಾಲಿಸಿಟರ್ (ವಕೀಲ) ಒಬ್ಬರು ಎದುರು ಕೂತು ಅಪಾಯ ವಿವರಿಸಿದ್ದಾರೆಂದು ಬ್ಯಾಂಕು ಖಚಿತಪಡಿಸಿಕೊಳ್ಳುತ್ತದೆ. ಆ ಭೇಟಿಯನ್ನು ಶಾಸ್ತ್ರಕ್ಕೆಂದು ಮುಗಿಸಬೇಡಿ. ಗಂಡನೋ ಹೆಂಡತಿಯೋ ಜೊತೆಯಲ್ಲಿ ಕೂರದೆ, ಒಬ್ಬರೇ ಹೋಗಿ, ಮನೆ ಹೋಗುವ ಸಂದರ್ಭ ಯಾವುದು ಎಂದು ನೇರವಾಗಿ ಕೇಳಿ ತಿಳಿದುಕೊಳ್ಳಬೇಕು.

ಬ್ಯಾಂಕು ಬೇಡವೆಂದರೆ

ಕಾರಣವನ್ನು ಬರಹದಲ್ಲಿ ಕೇಳಿ. ಅದೇ ವಾರ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಸಾಲದಾತರು ನಿಮ್ಮ ಬಗ್ಗೆ ಮಾಡುವ ಒಂದೊಂದು ಹುಡುಕಾಟವೂ ಕ್ರೆಡಿಟ್ ಕಡತದಲ್ಲಿ ಗುರುತು ಬಿಡುತ್ತದೆ. 2016ರ ನವೆಂಬರ್‌ನಿಂದ, ಗೊತ್ತುಪಡಿಸಿದ ದೊಡ್ಡ ಬ್ಯಾಂಕುಗಳು 2.5 ಕೋಟಿ ಪೌಂಡ್‌ಗಿಂತ ಕಡಿಮೆ ವಹಿವಾಟಿನ ಉದ್ಯಮಕ್ಕೆ ಸಾಲ ನಿರಾಕರಿಸಿದಾಗ, ನೀವು ಒಪ್ಪಿದರೆ ನಿಮ್ಮ ವಿವರಗಳನ್ನು ಬೇರೆ ಸಾಲದಾತರನ್ನು ಹುಡುಕಿಕೊಡುವ ವೇದಿಕೆಗಳಿಗೆ ದಾಟಿಸಬೇಕು. ಬ್ಯಾಂಕಿನವರು ಈ ಮಾತೆತ್ತದಿದ್ದರೆ 'ಬ್ಯಾಂಕ್ ರೆಫರಲ್ ಸ್ಕೀಮ್' ಎಂದು ಹೆಸರು ಹಿಡಿದು ಕೇಳಿ. ಸಮುದಾಯ ಹಣಕಾಸು ಸಂಸ್ಥೆಗಳೂ ಇವೆ, ಸಿಡಿಎಫ್ಐ ಎನ್ನುತ್ತಾರೆ. ಬ್ಯಾಂಕು ಬೇಡವೆಂದವರನ್ನೂ ಕೂರಿಸಿ ಮಾತಾಡಿಸುತ್ತಾರೆ, ಬಡ್ಡಿ ಮಾತ್ರ ಬ್ಯಾಂಕಿಗಿಂತ ಹೆಚ್ಚು.

ಬ್ಯಾಂಕು ನಡೆದುಕೊಂಡ ರೀತಿಯೇ ಅನ್ಯಾಯ ಎನಿಸಿದರೆ ಮೊದಲು ಬ್ಯಾಂಕಿಗೇ ದೂರು. 8 ವಾರದಲ್ಲಿ ಅಂತಿಮ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಫೈನಾನ್ಶಿಯಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ 'ಸಣ್ಣ ಉದ್ಯಮ' ಎಂದರೆ ವಹಿವಾಟು 65 ಲಕ್ಷ ಪೌಂಡ್‌ಗಿಂತ ಕಡಿಮೆ, ಜೊತೆಗೆ ನೌಕರರು 50ಕ್ಕಿಂತ ಕಡಿಮೆ ಇಲ್ಲವೇ ಆಸ್ತಿ 50 ಲಕ್ಷಕ್ಕಿಂತ ಕಡಿಮೆ. ಕಂಪನಿ ಕಾಯ್ದೆಯ 1.5 ಕೋಟಿ ಇಲ್ಲಿ ನಡೆಯುವುದಿಲ್ಲ. ಅಂತಿಮ ಉತ್ತರದ ಪತ್ರದ ದಿನಾಂಕದಿಂದ 6 ತಿಂಗಳೊಳಗೆ ಹೋಗಬೇಕು. ಹಾಗಾಗಿ ಆ ಪತ್ರ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.