ಮುದಿ ನಾಯಿ ತಲೆಸುತ್ತಿ ಬಿದ್ದಾಗ: ನನ್ನ ಅನುಭವ

ನಮ್ಮ ಕೆಂಚನಿಗೆ ಆಗ 13 ವರ್ಷ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗೆ ಒರಗಿಕೊಂಡು ನಿಂತಿದ್ದ. ಕರೆದೆ. ಒಂದು ಹೆಜ್ಜೆ ಇಟ್ಟವನೇ ಎಡಕ್ಕೆ ಧೊಪ್ಪನೆ ಬಿದ್ದ. ತಲೆ ಎಡಕ್ಕೆ ವಾಲಿತ್ತು. ಕಣ್ಣುಗುಡ್ಡೆಗಳು ನಿಧಾನವಾಗಿ ಎಡಕ್ಕೆ ಜಾರುತ್ತಿದ್ದವು, ಬಲಕ್ಕೆ ಪಟ್ಟನೆ ಜಿಗಿಯುತ್ತಿದ್ದವು. ಒಂದೇ ಸಮನೆ. ನೋಡಿ ನನ್ನ ಕೈಕಾಲೇ ತಣ್ಣಗಾಯಿತು.

ಪಕ್ಕದ ಮನೆಯವರು ಬಂದು, "ಲಕ್ವ ಹೊಡೆದಿದೆ, ಪಾಪ, ಇನ್ನು ನರಳಿಸಬೇಡಿ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಡಾಕ್ಟರು ಮೊದಲು ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು. ಆಮೇಲೆ ಅವನನ್ನು ಹಿಡಿದು ನಿಲ್ಲಿಸಿ, ಪಾದ ಮಗುಚಿಟ್ಟರು. ಕೆಂಚ ತಕ್ಷಣ ಸರಿ ಮಾಡಿಕೊಂಡ. "ನೋಡಿ, ಕಾಲು ಎಲ್ಲಿದೆ ಅಂತ ಅವನಿಗೆ ಗೊತ್ತಾಗ್ತಿದೆ. ಕಣ್ಣೂ ಅಡ್ಡಡ್ಡ ಆಡ್ತಿದೆ, ಮೇಲೆ ಕೆಳಗೆ ಅಲ್ಲ. ಇದು ಮಿದುಳಿನದಲ್ಲ ಅನ್ಸುತ್ತೆ. ಮೂರು ದಿನ ಕಾಯಿರಿ" ಎಂದರು. ವಯಸ್ಸಾದ ನಾಯಿಗಳಿಗೆ ಒಳಗಿವಿಯ ಸಮತೋಲ ಹೀಗೆ ಇದ್ದಕ್ಕಿದ್ದಂತೆ ಕೆಡುತ್ತದೆ. ವೆಸ್ಟಿಬ್ಯುಲರ್ ಸಿಂಡ್ರೋಮ್ ಅಂತಾರೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕಿವಿ ಸೋಂಕು, ಥೈರಾಯ್ಡ್ ತೊಂದರೆಯಿಂದಲೂ ಬರಬಹುದು, ಅದಕ್ಕೇ ಪರೀಕ್ಷೆ ಬೇಕೇ ಬೇಕು. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು.

ಉಳಿದದ್ದು ಮನೆಯ ಕೆಲಸ. ನಮ್ಮದು ಗ್ರಾನೈಟ್ ನೆಲ, ಕಾಲು ನಿಲ್ಲುತ್ತಲೇ ಇರಲಿಲ್ಲ. ಹಾಲ್ ತುಂಬ ಗೋಣಿಚೀಲ ಹಾಸಿದೆ. ಆ ಒಂದರಿಂದಲೇ ಅರ್ಧ ಗಾಬರಿ ಇಳಿಯಿತು ಅವನಿಗೆ. ಎತ್ತಿಕೊಂಡರೆ ಮಾತ್ರ ಉಗುರು ನೆಟ್ಟು ಒದ್ದಾಡುತ್ತಿದ್ದ, ತಲೆಸುತ್ತು ಜಾಸ್ತಿಯಾಗುತ್ತದಲ್ವಾ. ಹಾಗಾಗಿ ಎತ್ತುವುದು ಬಿಟ್ಟೆ. ಹಳೇ ಪಂಚೆಯನ್ನು ಹೊಟ್ಟೆಯಡಿ ಹಾಯಿಸಿ, ಎರಡೂ ತುದಿ ಹಿಡಿದು ಅಂಗಳಕ್ಕೆ ನಡೆಸಿದೆ. ರಾತ್ರಿ ಲೈಟ್ ಆರಿಸಲಿಲ್ಲ. ಕಿವಿಗೆ ಸಮತೋಲ ತಪ್ಪಿದಾಗ ಕಣ್ಣೇ ಆಸರೆ. ಮೊಸರನ್ನ ಉಂಡೆ ಮಾಡಿ ಕೈಯಲ್ಲೇ ತಿನ್ನಿಸಿದೆ, ನೀರಿನ ಬಟ್ಟಲು ಗದ್ದದ ಹತ್ತಿರ ಹಿಡಿದೆ.

ಒಂದು ಮಾತು ದಯವಿಟ್ಟು ಕೇಳಿ. ಮನೆಯಲ್ಲಿರುವ ಹಳೇ ಕಿವಿ ಡ್ರಾಪ್ಸ್ ಸುಮ್ನೆ ಹಾಕಬೇಡಿ. ಕಿವಿಯ ತಮಟೆ ಹರಿದಿದ್ದರೆ ಕೆಲವು ಔಷಧಿ ಒಳಗಿವಿಯನ್ನೇ ಕೆಡಿಸುತ್ತವೆ. ಮೂರು ದಿನಕ್ಕೂ ಸ್ವಲ್ಪವೂ ಚೇತರಿಕೆ ಕಾಣದಿದ್ದರೆ, ಅಥವಾ ಮಧ್ಯದಲ್ಲೇ ಹೆಚ್ಚಾದರೆ, ಮತ್ತೆ ಡಾಕ್ಟರ ಹತ್ತಿರ ಓಡಿ.

ಮೂರನೇ ದಿನ ಸಂಜೆ ಕಣ್ಣು ಆಡುವುದು ನಿಂತಿತು. ನಾಲ್ಕನೇ ದಿನ ಪಂಚೆಯಿಲ್ಲದೆ ಹೊಂಗೆ ಮರದ ತನಕ ಹೋದ. ಪೂರ್ತಿ ನಡೆಯಲು ಮೂರು ವಾರ ಹಿಡಿಯಿತು. ತಲೆ ಈಗಲೂ ಕೊಂಚ ಎಡಕ್ಕೇ ಇದೆ. ನೀರು ಕುಡಿಯುವಾಗ ಎಡಗಿವಿ ಬಟ್ಟಲಲ್ಲಿ ಅದ್ದುತ್ತದೆ. ಕುಡಿದಾದ ಮೇಲೆ ನನ್ನ ಹತ್ತಿರ ಬಂದು ನಿಲ್ಲುತ್ತಾನೆ, ಒರೆಸುತ್ತೇನೆ.