ಟ್ರೇಲ್ ಕ್ಯಾಮೆರಾ ತುಂಬ ಬರೀ ಹುಲ್ಲಿನ ಫೋಟೊ: ನಾನು ಸರಿಮಾಡಿದ್ದು ಹೀಗೆ

ಸಕಲೇಶಪುರದ ನಮ್ಮ ಗದ್ದೆ ಅಂಚಿನಲ್ಲಿ ಅವರೆ ಚಿಗುರನ್ನು ರಾತ್ರಿ ಯಾವುದೋ ಪ್ರಾಣಿ ಮೇಯುತ್ತಿತ್ತು. ಕಡವೆಯೋ ಕಾಡುಕುರಿಯೋ ತಿಳಿಯಲಿ ಅಂತ ಟ್ರೇಲ್ ಕ್ಯಾಮೆರಾ (ಪ್ರಾಣಿ ಎದುರು ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿದೆ. ಹೊರದೇಶದ ಬೇಟೆಗಾರರು ಜಾಸ್ತಿ ಬಳಸುವ ಸಾಮಾನು ಇದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧ, ಹಾಗಾಗಿ ನೋಡೋದಕ್ಕೆ ಮಾತ್ರ.

ಕಾರ್ಡ್ ತುಂಬ ಖಾಲಿ ಹುಲ್ಲಿನ ಫೋಟೊ! ಇದರ ಸೆನ್ಸರ್ ಗುರುತಿಸೋದು ಶಾಖದ ಚಲನೆಯನ್ನು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ ಸಾಕು, ಕ್ಲಿಕ್ ಆಗುತ್ತದೆ. ಕ್ಯಾಮೆರಾ ಕಟ್ಟಿದ್ದ ಸಿಲ್ವರ್ ಓಕ್ ಮರ ಬೇರೆ ಸುಮ್ನೆ ತೂಗಾಡುತ್ತಿತ್ತು. ಕ್ಯಾಮೆರಾ ಬಿಚ್ಚಿ ದಪ್ಪ ಹಲಸಿನ ಮರಕ್ಕೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಕಟ್ಟಿದೆ. ಕಾಡುಕುರಿ ಗಿಡ್ಡ ಪ್ರಾಣಿ ಅಲ್ವಾ? ಬಿಸಿಲು ನೇರ ಬೀಳದಂತೆ ಕ್ಯಾಮೆರಾ ಮುಖ ಉತ್ತರಕ್ಕೆ. ಎದುರಿನ ಹುಲ್ಲು, ಜರಿಗಿಡ ಸವರಿದೆ (ಜಿಗಣೆಗಳಿಗೆ ಆವತ್ತು ಹಬ್ಬ). ಪ್ರಾಣಿ ಓಡಾಡುವ ದಾರಿಗೆ ನೇರ ಅಡ್ಡ ಇಡದೆ ಓರೆಯಾಗಿ ತಿರುಗಿಸಿದ್ದೇ ಹೆಚ್ಚು ಕೆಲಸ ಮಾಡಿತು. ಅಡ್ಡ ಇಟ್ಟರೆ ಪ್ರಾಣಿ ಕ್ಷಣದಲ್ಲಿ ದಾಟಿಬಿಡುತ್ತದೆ.

ರಾತ್ರಿ ಫೋಟೊ ಮಂಕಾಗಿದ್ದರೆ ಲಿಥಿಯಂ ಸೆಲ್ ಹಾಕಿ ನೋಡಿ. ಮಾಮೂಲಿ ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಬೇಗ ಇಳಿಯುತ್ತದೆ.

ಸಿಕ್ಕಿದ್ದು ಕಾಡುಕುರಿಯೇ. ಅದು ನುಗ್ಗುತ್ತಿದ್ದ ಬೇಲಿಯ ಕಂಡಿಗೆ ಮುಳ್ಳು ತುಂಬಿದೆವು.